ಸಿಎನ್‌ಸಿ ಕಲಿಕೆ: ಕೋಡ್‌ಗಿಂತ ಮೊದಲು ಲೋಹ

ಪ್ರೋಗ್ರಾಮ್ ಓದಿಕೊಂಡು ತಾನಾಗಿಯೇ ಲೋಹ ಕತ್ತರಿಸುವ ಯಂತ್ರವೇ ಸಿಎನ್‌ಸಿ. ಹಳೆಯ ಲೇತ್‌ನಲ್ಲಿ ಟರ್ನರ್ ಹಿಡಿಕೆ ತಿರುಗಿಸಿ ಟೂಲ್ ಸರಿಸುತ್ತಿದ್ದ. ಇಲ್ಲಿ ಆ ಕೆಲಸ ಸರ್ವೋ ಮೋಟಾರುಗಳದು. ಹೆಲಿಕಾಪ್ಟರ್ ರೆಕ್ಕೆಯ ಬಾಗನ್ನು ನಿಖರವಾಗಿ ತೆಗೆಯುವ ದಾರಿ ಹುಡುಕುತ್ತಿದ್ದ ಅಮೆರಿಕದ ಜಾನ್ ಪಾರ್ಸನ್ಸ್ ಅವರ ಯೋಚನೆ ಇದಕ್ಕೆ ಮೂಲ. 1952ರಲ್ಲಿ ಎಂಐಟಿ, ತೂತು ಕೊರೆದ ಪಟ್ಟಿಯಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿತು. ಪಟ್ಟಿಯ ಜಾಗಕ್ಕೆ ಕಂಪ್ಯೂಟರ್ ಬಂದದ್ದು ಆಮೇಲೆ.

ಪ್ರೋಗ್ರಾಮಿನ ಭಾಷೆ ಜಿ-ಕೋಡ್. ಜಿ00 ಅಂದರೆ ಟೂಲ್ ವೇಗವಾಗಿ ಸರಿಯಬೇಕು, ಜಿ01 ಅಂದರೆ ನೇರ ಗೆರೆಯಲ್ಲಿ ಕತ್ತರಿಸಬೇಕು, ಜಿ02 ಮತ್ತು ಜಿ03 ಕಮಾನಿಗೆ. ಎಂ03 ಸ್ಪಿಂಡಲ್ ತಿರುಗಿಸುತ್ತದೆ, ಎಂ08 ಕೂಲೆಂಟ್ ಬಿಡುತ್ತದೆ. ಇವು ಬೇಗ ಬಾಯಿಪಾಠವಾಗುತ್ತವೆ. ಆದರೆ ಇಷ್ಟಕ್ಕೇ ಯಾರೂ ಪ್ರೋಗ್ರಾಮರ್ ಆಗುವುದಿಲ್ಲ.

ಟೂಲ್ ಎಷ್ಟು ವೇಗ ತಾಳುತ್ತದೆ ಎಂಬುದನ್ನು ಕೋಡ್ ಹೇಳಿಕೊಡುವುದಿಲ್ಲ. ಕಾರ್ಬೈಡ್ ಇನ್ಸರ್ಟ್‌ನಿಂದ ಮೆದು ಉಕ್ಕನ್ನು ನಿಮಿಷಕ್ಕೆ 150 ಮೀಟರ್ ವೇಗದಲ್ಲಿ ಕತ್ತರಿಸಬೇಕೆಂದುಕೊಳ್ಳಿ. 50 ಮಿ.ಮೀ. ವ್ಯಾಸದ ಜಾಬ್ (ಕತ್ತರಿಸಬೇಕಾದ ತುಂಡು) ನಿಮಿಷಕ್ಕೆ ಸುಮಾರು 955 ಸುತ್ತು ತಿರುಗಬೇಕು. ವ್ಯಾಸ 25ಕ್ಕೆ ಇಳಿದರೆ 1,910 ಸುತ್ತು. ಜಿ96 ಹಾಕಿದರೆ ಈ ಹೊಂದಾಣಿಕೆಯನ್ನು ಯಂತ್ರವೇ ಮಾಡಿಕೊಳ್ಳುತ್ತದೆ. ಆದರೆ ಟೂಲ್ ನಡುಬಿಂದುವಿನ ಹತ್ತಿರ ಹೋದಂತೆ ಸುತ್ತು ಏರುತ್ತಲೇ ಹೋಗುವುದರಿಂದ, ಗರಿಷ್ಠ ಮಿತಿಯನ್ನು ಮೊದಲೇ ಕೊಡಬೇಕು. ಇಲ್ಲದಿದ್ದರೆ ಹಿಡಿದಿರುವ ಚಕ್‌ನಿಂದ ಜಾಬ್ ಹಾರುವ ಅಪಾಯವಿದೆ.

ಯಂತ್ರವನ್ನು ಕೆಲಸಕ್ಕೆ ಅಣಿಮಾಡುವ ಸೆಟ್ಟರ್‌ನ ನಿಜವಾದ ಕಸುಬು ಕಾಣುವುದು ಆಫ್‌ಸೆಟ್‌ನಲ್ಲಿ, ಅಂದರೆ ಟೂಲಿನ ಸ್ಥಾನವನ್ನು ತಿದ್ದುವ ಅಂಕಿಯಲ್ಲಿ. ಡ್ರಾಯಿಂಗ್‌ನಲ್ಲಿ ವ್ಯಾಸ 40.00 ಇದೆ, ಮೊದಲ ಜಾಬ್ ಮೈಕ್ರೋಮೀಟರ್‌ನಲ್ಲಿ 40.04 ತೋರಿಸಿತು ಎನ್ನಿ. ಪ್ರೋಗ್ರಾಮನ್ನು ಮುಟ್ಟಬೇಕಿಲ್ಲ, ವ್ಯಾಸದ ಲೆಕ್ಕದಲ್ಲಿ ನಡೆಯುವ ಲೇತ್ ಆದರೆ ಆ ಟೂಲಿನ ಎಕ್ಸ್ ಆಫ್‌ಸೆಟ್‌ಗೆ ಮೈನಸ್ 0.04 ಸೇರಿಸಿದರೆ ಮುಂದಿನದು ಅಳತೆಗೆ ಬರುತ್ತದೆ. ಇಲ್ಲಿ 0.4 ಎಂದು ಒತ್ತಿಬಿಟ್ಟರೆ ಮುಂದಿನ ಜಾಬ್ ಗುಜರಿಗೆ. ದಶಮಾಂಶ ಬಿಂದುವೂ ಹಾಗೆಯೇ: ಕೆಲವು ಕಂಟ್ರೋಲರ್‌ಗಳು ಬಿಂದುವಿಲ್ಲದ 50ನ್ನು 50 ಮೈಕ್ರಾನ್ ಎಂದು ಓದುತ್ತವೆ. ಆದ್ದರಿಂದಲೇ ಹೊಸ ಪ್ರೋಗ್ರಾಮನ್ನು ಜಾಬ್ ಇಲ್ಲದೆ ಡ್ರೈ ರನ್ ಮಾಡಿ, ಆಮೇಲೆ ಸಿಂಗಲ್ ಬ್ಲಾಕ್‌ನಲ್ಲಿ ಒಂದೊಂದೇ ಸಾಲು ನಡೆಸಿ ನೋಡುವುದು ರೂಢಿ. ಅವಸರಕ್ಕೆ ಇದನ್ನು ಬಿಡುವುದು ತೀರಾ ದುಬಾರಿ ಉಳಿತಾಯ.

ಕರ್ನಾಟಕದಲ್ಲಿ ಈ ವಿದ್ಯೆಗೆ ಗಟ್ಟಿ ನೆಲೆಯಿದೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಈಗ ಹಲವು ಜಿಲ್ಲೆಗಳಲ್ಲಿದೆ, ಐಟಿಐಗಳಲ್ಲೂ ಕಲಿಯಬಹುದು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್‌ಗಳಲ್ಲಿ ಆಪರೇಟರ್ ಆಗಿ ಸೇರಿ, ಸೆಟ್ಟರ್ ಆಗಿ, ಪ್ರೋಗ್ರಾಮರ್ ಆಗುವುದು ಹಳೆಯ ದಾರಿ. ಮೊದಲು ಕೈಲೇತ್ ಮೇಲೆ ಪಳಗಿದವರಿಗೆ ಸದ್ದು ಕೇಳಿ, ಚಿಪ್ಸ್ ಬಣ್ಣ ನೋಡಿ ಟೂಲ್ ಸವೆದದ್ದು ತಿಳಿಯುತ್ತದೆ.

ಈಗ ಕ್ಯಾಮ್ ಸಾಫ್ಟ್‌ವೇರ್ ಮೂರು ಆಯಾಮದ ಮಾದರಿಯಿಂದ ಸಾವಿರಾರು ಸಾಲು ಕೋಡ್ ಬರೆದುಕೊಡುತ್ತದೆ. ಅದನ್ನು ಆಯಾ ಯಂತ್ರಕ್ಕೆ ಹೊಂದಿಸುವುದು ಪೋಸ್ಟ್ ಪ್ರೊಸೆಸರ್. ಆದರೆ ಜಾಬ್ ಹಿಡಿದ ಕ್ಲ್ಯಾಂಪ್ ಎಲ್ಲಿದೆಯೆಂದು ಮಾದರಿಯಲ್ಲಿ ತೋರಿಸಿರದಿದ್ದರೆ ಸಾಫ್ಟ್‌ವೇರ್‌ಗೆ ಅದು ಗೊತ್ತಾಗುವುದಿಲ್ಲ. ಟೂಲ್ ಅದಕ್ಕೆ ಬಡಿಯುತ್ತದೆಯೇ ಎಂದು ನೋಡಬೇಕಾದವರು ಯಂತ್ರದ ಮುಂದೆ ನಿಂತವರೇ.