‘ಸರ್ವರ್ ಡೌನ್’ ಎನ್ನುವ ಮುನ್ನ ಒಂದು ಸಾಲಿನ ಆಜ್ಞೆ

ಹಾವೇರಿ: ಪಹಣಿ, ಜಾತಿ–ಆದಾಯ ಪ್ರಮಾಣಪತ್ರ, ಬೆಳೆ ವಿಮೆ ಅರ್ಜಿ ಮುಂತಾದ ಕೆಲಸಗಳಿಗೆ ಸೇವಾ ಕೇಂದ್ರಗಳಿಗೆ ಬರುವ ಗ್ರಾಮಸ್ಥರು ಪದೇ ಪದೇ ಕೇಳುವ ಉತ್ತರ ‘ಸರ್ವರ್ ಡೌನ್’. ಈ ಎರಡು ಪದಗಳ ಹಿಂದೆ ಕನಿಷ್ಠ ನಾಲ್ಕು ಬೇರೆ ಬೇರೆ ದೋಷಗಳು ಅಡಗಿರಬಹುದು. ದೋಷ ಯಾವುದೆಂದು ತಿಳಿಯದೆ ನೀಡಿದ ದೂರು ತಪ್ಪು ಕಚೇರಿಗೆ ತಲುಪುತ್ತದೆ. ಕೂಲಿ ಬಿಟ್ಟು ಬಂದವರ ದಿನ ವ್ಯರ್ಥವಾಗುತ್ತದೆ. ಅರ್ಜಿಯ ಕೊನೆಯ ದಿನವಾಗಿದ್ದರೆ ನಷ್ಟ ಇನ್ನೂ ದೊಡ್ಡದು.

ಈ ನಾಲ್ಕರಲ್ಲಿ ಯಾವುದೆಂದು ಒಂದು ನಿಮಿಷದೊಳಗೆ ತಿಳಿಸಬಲ್ಲ ಸಾಧನ ಬಹುತೇಕ ಎಲ್ಲ ವಿಂಡೋಸ್ ಗಣಕಗಳಲ್ಲಿ ಮೊದಲೇ ಇದೆ. ಅದರ ಹೆಸರು ‘ಎನ್‌ಎಸ್‌ಲುಕಪ್’. ಇದಕ್ಕೆ ಹಣ ಕೊಡಬೇಕಿಲ್ಲ, ಬೇರೆ ತಂತ್ರಾಂಶ ಅಳವಡಿಸಬೇಕಿಲ್ಲ. ಗಣಕದ ಹೆಸರನ್ನು ಕೊಟ್ಟರೆ ಅದರ ಅಂಕಿ ವಿಳಾಸವನ್ನು ಕೇಳಿ ತಿಳಿಸುವುದಷ್ಟೇ ಇದರ ಕೆಲಸ.

ಪಹಣಿ ಬೆಂಗಳೂರಿಗೆ ಹೋದಾಗ

2000ದ ದಶಕದ ಆರಂಭದಲ್ಲಿ ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯಡಿ ಪಹಣಿಗಳು ಗಣಕೀಕೃತಗೊಂಡಾಗ, ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಂಥ ಗ್ರಾಮಗಳ ರೈತರು ತಾಲ್ಲೂಕು ಕೇಂದ್ರಕ್ಕೆ ಹೋಗಿ 15 ರೂಪಾಯಿ ಕೊಟ್ಟು ‘ಉತಾರ’ ಪಡೆಯಬೇಕಿತ್ತು. ದಾಖಲೆ ಇದ್ದ ಗಣಕ ಆಗ ತಾಲ್ಲೂಕು ಕಚೇರಿಯಲ್ಲಿಯೇ ಇತ್ತು. ಈಗ ದಾಖಲೆಗಳು ಕೇಂದ್ರೀಕೃತ ವ್ಯವಸ್ಥೆಯಲ್ಲಿದ್ದು, ಪಹಣಿಯನ್ನು ಅಂತರ್ಜಾಲದ ಮೂಲಕ ಊರಿನಲ್ಲಿಯೇ ಪಡೆಯಬಹುದು.

ಅನುಕೂಲದ ಜೊತೆಗೆ ಹೊಸ ಅವಲಂಬನೆಯೂ ಬಂದಿದೆ. ದೂರದ ಗಣಕವನ್ನು ತಲುಪುವ ಮೊದಲು ಅದು ಎಲ್ಲಿದೆ ಎಂದು ತಿಳಿಯಬೇಕು. ‘ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’ ಎಂಬ ಹೆಸರು ಮನುಷ್ಯರ ಅನುಕೂಲಕ್ಕೆ ಮಾತ್ರ. ಯಂತ್ರಗಳು ಪರಸ್ಪರ ಗುರುತಿಸುವುದು ಐಪಿ ವಿಳಾಸ ಎಂಬ ಅಂಕಿಗಳಿಂದ. ಹೆಸರನ್ನು ಅಂಕಿಗೆ ಪರಿವರ್ತಿಸುವ ವ್ಯವಸ್ಥೆಗೆ ಡಿಎನ್‌ಎಸ್ ಎಂದು ಹೆಸರು. ಈ ಹೆಜ್ಜೆ ತಪ್ಪಿದರೆ, ಅತ್ತ ಗಣಕ ಸುಸ್ಥಿತಿಯಲ್ಲಿದ್ದರೂ ಇತ್ತ ತಾಣ ತೆರೆಯದು.

ಅಂಚೆ ವಿಳಾಸದ ಕ್ರಮ

ಅಂತರ್ಜಾಲದ ಪೂರ್ವಜನಾದ ಅರ್ಪಾನೆಟ್‌ನಲ್ಲಿ ಎಲ್ಲ ಗಣಕಗಳ ಹೆಸರೂ ಒಂದೇ ಕಡತದಲ್ಲಿದ್ದವು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆ ಅದನ್ನು ನಿರ್ವಹಿಸುತ್ತಿತ್ತು. ಗಣಕಗಳು ಹೆಚ್ಚಿದಂತೆ ಆ ಕ್ರಮ ಅಸಾಧ್ಯವಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ಡಿಎನ್‌ಎಸ್ ಹೊಣೆಯನ್ನು ಹಂತಹಂತವಾಗಿ ಹಂಚಿತು.

ಇದು ಅಂಚೆ ವಿಳಾಸದ ಕ್ರಮವೇ ಆಗಿದೆ. ‘ಮತ್ತೂರು’ ಎಂದಷ್ಟೇ ಬರೆದರೆ ಕಾಗದ ಶಿವಮೊಗ್ಗ ಬಳಿಯ ಮತ್ತೂರಿಗೂ ಹೋಗಬಹುದು. ‘ಹತ್ತಿಮತ್ತೂರು, ಸವಣೂರು ತಾಲ್ಲೂಕು, ಹಾವೇರಿ ಜಿಲ್ಲೆ, ಕರ್ನಾಟಕ’ ಎಂದರೆ ಗೊಂದಲವಿಲ್ಲ. ಅಂಚೆಯವರು ಈ ವಿಳಾಸವನ್ನು ಕೊನೆಯಿಂದ ಓದುತ್ತಾರೆ: ಮೊದಲು ರಾಜ್ಯ, ಬಳಿಕ ಜಿಲ್ಲೆ, ಆನಂತರ ತಾಲ್ಲೂಕು, ಕೊನೆಗೆ ಊರು. ಡಿಎನ್‌ಎಸ್ ಕೂಡ ಹೆಸರನ್ನು ಬಲದಿಂದ ಎಡಕ್ಕೆ ಓದುತ್ತದೆ. ಮೇಲಿನ ಉದಾಹರಣೆಯಲ್ಲಿ ‘ಇನ್’ ಎಂಬುದು ಭಾರತ. ಇದರ ನೋಂದಣಿಯ ಹೊಣೆ ‘ನಿಕ್ಸಿ’ ಸಂಸ್ಥೆಯದು. ‘ಜಿಒವಿ ಡಾಟ್ ಇನ್’ ಸರ್ಕಾರಿ ಸಂಸ್ಥೆಗಳಿಗೆ ಮೀಸಲಾಗಿದ್ದು, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ಅದನ್ನು ನೀಡುತ್ತದೆ. ‘ಕರ್ನಾಟಕ’ ರಾಜ್ಯ ಸರ್ಕಾರದ ಭಾಗ. ಕೊನೆಯದಾಗಿ ಸಿಗುವುದು ಭೂದಾಖಲೆಗಳ ತಾಣ.

ಆಜ್ಞೆ ನೀಡುವ ಬಗೆ

ವಿಂಡೋಸ್ ಗಣಕದಲ್ಲಿ ಕೀಲಿಮಣೆಯ ವಿಂಡೋಸ್ ಗುಂಡಿಯ ಜೊತೆಗೆ ‘ಆರ್’ ಒತ್ತಿ, ತೆರೆದ ಚೌಕದಲ್ಲಿ ಸಿ, ಎಂ, ಡಿ ಎಂಬ ಮೂರು ಅಕ್ಷರ ಬರೆದು ‘ಎಂಟರ್’ ಒತ್ತಬೇಕು. ಕಪ್ಪು ಬಣ್ಣದ ಕಿಟಕಿ ತೆರೆಯುತ್ತದೆ. ಅಲ್ಲಿ ‘ಎನ್‌ಎಸ್‌ಲುಕಪ್’ ಎಂದು (ಎನ್, ಎಸ್, ಎಲ್, ಒ, ಒ, ಕೆ, ಯು, ಪಿ ಅಕ್ಷರಗಳನ್ನು ಬಿಡಿಸದೆ) ಬರೆದು, ಒಂದು ಜಾಗ ಬಿಟ್ಟು ತಾಣದ ಹೆಸರು ನಮೂದಿಸಿ ‘ಎಂಟರ್’ ಒತ್ತಿದರೆ ಸಾಕು. ಮ್ಯಾಕ್ ಗಣಕಗಳ ಟರ್ಮಿನಲ್ ಕಿಟಕಿಯಲ್ಲಿಯೂ ಇದೇ ಆಜ್ಞೆ ನಡೆಯುತ್ತದೆ. ಲಿನಕ್ಸ್‌ನ ಕೆಲವು ಆವೃತ್ತಿಗಳಲ್ಲಿ ಮಾತ್ರ ಇದನ್ನು ಪ್ರತ್ಯೇಕವಾಗಿ ಅಳವಡಿಸಿಕೊಳ್ಳಬೇಕಾಗಬಹುದು.

ಉತ್ತರದಲ್ಲಿ ಎರಡು ಭಾಗಗಳಿರುತ್ತವೆ. ಮೊದಲ ಎರಡು ಸಾಲುಗಳು ಉತ್ತರ ನೀಡಿದ ಡಿಎನ್‌ಎಸ್ ಸರ್ವರ್ ಯಾವುದೆಂದು ಹೇಳುತ್ತವೆ. ಹೊಸಬರು ಎಡವುವುದು ಇಲ್ಲಿಯೇ. ಆ ಸಾಲುಗಳಲ್ಲಿನ ಅಂಕಿ ತಾಣದ ವಿಳಾಸವಲ್ಲ, ಉತ್ತರ ಹೇಳಿದವರ ವಿಳಾಸ. ಹುಡುಕಿದ ತಾಣದ ಹೆಸರು ಮತ್ತು ವಿಳಾಸ ಅದರ ಕೆಳಗಿರುತ್ತದೆ. ‘ನಾನ್–ಅಥಾರಿಟೇಟಿವ್ ಆನ್ಸರ್’ ಎಂಬ ಸಾಲು ಕಂಡರೆ ಗಾಬರಿಯಾಗಬೇಕಿಲ್ಲ. ಹೆಸರಿನ ಮೂಲ ಒಡೆಯರ ಸರ್ವರ್‌ನಿಂದ ನೇರವಾಗಿ ಬಾರದೆ, ನಡುವಿನ ಸರ್ವರ್ ಹೇಳಿದ ಉತ್ತರವೆಂದಷ್ಟೇ ಇದರ ಅರ್ಥ.

ನಾಲ್ಕು ಉತ್ತರ, ನಾಲ್ಕು ಅರ್ಥ

1. ವಿಳಾಸ ಬಂದಿದೆ, ಆದರೆ ತಾಣ ತೆರೆಯುತ್ತಿಲ್ಲ: ಹೆಸರಿನ ವ್ಯವಸ್ಥೆ ಸರಿಯಾಗಿದೆ. ದೋಷ ಆಚೆ ತುದಿಯ ಗಣಕದಲ್ಲಿ, ಅಲ್ಲಿನ ತಂತ್ರಾಂಶದಲ್ಲಿ ಅಥವಾ ನಡುವಿನ ಮಾರ್ಗದಲ್ಲಿದೆ. ಬೇರೆ ತಾಣಗಳು ತೆರೆಯುತ್ತಿದ್ದರೆ ದೂರು ಸಂಬಂಧಿಸಿದ ಇಲಾಖೆಗೆ ಹೋಗಬೇಕು. ‘ಸರ್ವರ್ ಡೌನ್’ ಎಂಬ ಮಾತು ಸರಿಹೊಂದುವುದು ಈ ಸಂದರ್ಭದಲ್ಲಿ.

2. ‘ನಾನ್–ಎಕ್ಸಿಸ್ಟೆಂಟ್ ಡೊಮೇನ್’: ಅಂಥ ಹೆಸರೇ ಇಲ್ಲ. ಮೊದಲು ಕಾಗುಣಿತ ಪರಿಶೀಲಿಸಬೇಕು. ಅದು ಸರಿಯಿದ್ದರೆ ಹೆಸರನ್ನು ಹಿಂತೆಗೆದುಕೊಂಡಿರಬಹುದು ಅಥವಾ ಅದರ ನೋಂದಣಿ ರದ್ದಾಗಿರಬಹುದು.

3. ‘ರಿಕ್ವೆಸ್ಟ್ ಟೈಮ್ಡ್ ಔಟ್’: ಕೇಳಿದ ಡಿಎನ್‌ಎಸ್ ಸರ್ವರ್ ಉತ್ತರಿಸಲೇ ಇಲ್ಲ. ಬೇರೆ ಹೆಸರುಗಳಿಗೂ ಹೀಗೆಯೇ ಆದರೆ ದೋಷ ಕೇಂದ್ರದ ಸ್ವಂತ ಸಂಪರ್ಕದಲ್ಲಿ ಅಥವಾ ಅಂತರ್ಜಾಲ ಸೇವೆ ಒದಗಿಸುವವರಲ್ಲಿದೆ. ಇಲಾಖೆಗೆ ಕರೆ ಮಾಡಿ ಪ್ರಯೋಜನವಿಲ್ಲ.

4. ‘ಸರ್ವರ್ ಫೇಲ್ಡ್’: ಸ್ಥಳೀಯ ಡಿಎನ್‌ಎಸ್ ಸರ್ವರ್ ಪ್ರಯತ್ನಿಸಿದೆ, ಆದರೆ ಸರಿಯಾದ ಉತ್ತರ ಪಡೆಯಲಾಗಿಲ್ಲ. ಹಲವು ಬಾರಿ ಹೆಸರಿನ ಒಡೆಯರ ಸರ್ವರ್‌ಗಳೇ ಸಿಗದಿರುವುದು ಇದಕ್ಕೆ ಕಾರಣ.

ಮೂರನೆಯ ಮತ್ತು ನಾಲ್ಕನೆಯ ಉತ್ತರ ಬಂದಾಗ ಎರಡನೇ ಅಭಿಪ್ರಾಯ ಕೇಳುವುದು ಒಳ್ಳೆಯದು. ಅದೇ ಆಜ್ಞೆಯ ಕೊನೆಗೆ ಒಂದು ಜಾಗ ಬಿಟ್ಟು 8.8.8.8 ಎಂದು ಸೇರಿಸಿದರೆ ಪ್ರಶ್ನೆ ಗೂಗಲ್ ಸಂಸ್ಥೆಯ ಸಾರ್ವಜನಿಕ ಸರ್ವರ್‌ಗೆ ಹೋಗುತ್ತದೆ. 1.1.1.1 ಎಂದರೆ ಕ್ಲೌಡ್‌ಫ್ಲೇರ್ ಸಂಸ್ಥೆಯ ಸರ್ವರ್‌ಗೆ. ಅಲ್ಲಿ ಉತ್ತರ ಬಂದು ಇಲ್ಲಿ ಬಾರದಿದ್ದರೆ ದೋಷ ಸ್ಥಳೀಯವಾದದ್ದು. ಸರ್ಕಾರಿ ಕಚೇರಿಯ ಜಾಲದಲ್ಲಿ ಹೊರಗಿನ ಸರ್ವರ್‌ಗಳಿಗೆ ತಡೆ ಇರಬಹುದು ಎಂಬುದನ್ನೂ ಗಮನದಲ್ಲಿಡಬೇಕು.

ದೊಡ್ಡವರಿಗೂ ತಪ್ಪದ ತೊಡಕು

2021ರ ಅಕ್ಟೋಬರ್ 4ರ ರಾತ್ರಿ 9 ಗಂಟೆ ದಾಟುತ್ತಿದ್ದಂತೆ ಫೇಸ್‌ಬುಕ್, ವಾಟ್ಸ್‌ಆ್ಯಪ್ ಮತ್ತು ಇನ್‌ಸ್ಟಾಗ್ರಾಂ ಏಕಕಾಲಕ್ಕೆ ಸ್ತಬ್ಧಗೊಂಡು, ಸುಮಾರು 6 ಗಂಟೆ ಕಾಲ ಹಾಗೆಯೇ ಉಳಿದವು. ನಿರ್ವಹಣೆಯ ವೇಳೆ ನೀಡಿದ ಒಂದು ಆಜ್ಞೆಯಿಂದ ಆ ಸಂಸ್ಥೆಯ ಬೆನ್ನೆಲುಬಿನಂಥ ಜಾಲ ಕಡಿದುಹೋಗಿ, ಅದರ ಡಿಎನ್‌ಎಸ್ ಸರ್ವರ್‌ಗಳು ಜಗತ್ತಿಗೆ ಕಾಣದಾಗಿದ್ದವು. ಮೊಬೈಲ್ ಕಂಪನಿಯನ್ನು ದೂರಿದವರ ಊಹೆ ತಪ್ಪಾಗಿತ್ತು. ಆ ಹೊತ್ತಿನಲ್ಲಿ ಎನ್‌ಎಸ್‌ಲುಕಪ್ ನೀಡುತ್ತಿದ್ದುದು ನಾಲ್ಕನೆಯ ಬಗೆಯ ಉತ್ತರ.

2025ರ ಅಕ್ಟೋಬರ್ 20ರಂದು ಅಮೆಜಾನ್ ಸಂಸ್ಥೆಯ ವರ್ಜೀನಿಯಾ ಕೇಂದ್ರದಲ್ಲಿ ಒಂದು ಮುಖ್ಯ ಸೇವೆಯ ಡಿಎನ್‌ಎಸ್ ದಾಖಲೆ ಖಾಲಿಯಾದ ಪರಿಣಾಮ, ಅದನ್ನು ನೆಚ್ಚಿದ್ದ ಅನೇಕ ಸೇವೆಗಳು ಜಗತ್ತಿನಾದ್ಯಂತ ಅಸ್ತವ್ಯಸ್ತಗೊಂಡವು. ಯಂತ್ರಗಳು ಇದ್ದವು, ಅವುಗಳ ವಿಳಾಸ ಹೇಳುವವರು ಇರಲಿಲ್ಲ.

ಹಳೆಯ ವಿಳಾಸದ ನೆನಪು

1997ರ ಆಗಸ್ಟ್ 24ರಂದು ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಹತ್ತಿಮತ್ತೂರು ಇದ್ದಲ್ಲಿಯೇ ಇತ್ತು, ವಿಳಾಸ ಮಾತ್ರ ಬದಲಾಯಿತು. ಹಳೆಯ ವಿಳಾಸ ಪುಸ್ತಕ ಇಟ್ಟುಕೊಂಡವರು ‘ಧಾರವಾಡ ಜಿಲ್ಲೆ’ ಎಂದೇ ಬರೆಯುವುದು ಸಹಜ. ಗಣಕಗಳೂ ಹೀಗೆಯೇ. ಒಮ್ಮೆ ತಿಳಿದ ವಿಳಾಸವನ್ನು ಗೊತ್ತುಪಡಿಸಿದ ಅವಧಿಯವರೆಗೆ ನೆನಪಿನಲ್ಲಿಡುತ್ತವೆ. ತಾಣವೊಂದು ಹೊಸ ಗಣಕಕ್ಕೆ ಸ್ಥಳಾಂತರಗೊಂಡರೆ ಕೆಲವರಿಗೆ ತೆರೆದು ಕೆಲವರಿಗೆ ತೆರೆಯದಿರುವುದು ಇದರಿಂದಲೇ. ‘ಐಪಿಕಾನ್ಫಿಗ್’ ಎಂದು ಬರೆದು, ಜಾಗ ಬಿಟ್ಟು, ಓರೆಗೆರೆಯೊಂದಿಗೆ ‘ಫ್ಲಶ್‌ಡಿಎನ್‌ಎಸ್’ ಎಂಬ ಆಜ್ಞೆ ಕೊಟ್ಟರೆ ವಿಂಡೋಸ್ ಗಣಕ ತನ್ನ ಹಳೆಯ ನೆನಪನ್ನು ಅಳಿಸಿಕೊಳ್ಳುತ್ತದೆ.

ಕಚೇರಿಯೊಳಗಿನ ಹೆಸರುಗಳು

ಒಂದೇ ಕೋಣೆಯಲ್ಲಿ ನಾಲ್ಕೈದು ಗಣಕ, ಒಂದು ಮುದ್ರಣಯಂತ್ರ ಇರುವ ಕಡೆ ಎನ್‌ಎಸ್‌ಲುಕಪ್ ಸಾಮಾನ್ಯವಾಗಿ ಮೌನ ವಹಿಸುತ್ತದೆ. ಅದು ಕೇಳುವುದು ಡಿಎನ್‌ಎಸ್ ಸರ್ವರನ್ನು ಮಾತ್ರ, ಪಕ್ಕದ ಮೇಜಿನ ಗಣಕದ ಹೆಸರು ಅಲ್ಲಿ ದಾಖಲಾಗಿರುವುದಿಲ್ಲ. ಅಂಥಲ್ಲಿ ‘ಹೋಸ್ಟ್‌ನೇಮ್’ ಎಂಬ ಆಜ್ಞೆ ಗಣಕದ ಸ್ವಂತ ಹೆಸರನ್ನು ತಿಳಿಸುತ್ತದೆ. ‘ಎನ್‌ಬಿಟಿಸ್ಟ್ಯಾಟ್’ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆಯೊಂದಿಗೆ ಸಣ್ಣ ‘ಎ’ ಹಾಕಿ ಪಕ್ಕದ ಗಣಕದ ಹೆಸರು ಕೊಟ್ಟರೆ ಅದರ ವಿವರ ಬರುತ್ತದೆ. ದೊಡ್ಡ ‘ಎ’ ಹಾಕಿದರೆ ಹೆಸರಿನ ಬದಲು ಐಪಿ ವಿಳಾಸ ಕೊಡಬೇಕು. ನೆಟ್‌ಬಯಾಸ್ ಎಂಬ ಹಳೆಯ ವ್ಯವಸ್ಥೆ ಚಾಲ್ತಿಯಲ್ಲಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಆ ವ್ಯವಸ್ಥೆಯಲ್ಲಿ ಹೆಸರು 15 ಅಕ್ಷರ ಮೀರುವಂತಿಲ್ಲ, ಎರಡು ಗಣಕಗಳಿಗೆ ಒಂದೇ ಹೆಸರು ಇರುವಂತಿಲ್ಲ.

ನಕಲಿ ತಾಣದ ಅಪಾಯ

ವಿಳಾಸ ಸಿಕ್ಕಿತು ಎಂದ ಮಾತ್ರಕ್ಕೆ ತಾಣ ಅಸಲಿ ಎಂದಲ್ಲ. ವಂಚಕರ ತಾಣಕ್ಕೂ ಹೆಸರಿರುತ್ತದೆ, ವಿಳಾಸವಿರುತ್ತದೆ. ಇಲ್ಲಿ ನೆರವಾಗುವುದು ಬಲದಿಂದ ಎಡಕ್ಕೆ ಓದುವ ಅಭ್ಯಾಸ. ‘ಕರ್ನಾಟಕ’, ‘ಜಿಒವಿ’ ಎಂಬ ಪದಗಳು ಹೆಸರಿನ ಆರಂಭದಲ್ಲೋ ನಡುವಿನಲ್ಲೋ ಇದ್ದು, ಕೊನೆಯಲ್ಲಿ ಬೇರೇನೋ ಇದ್ದರೆ ಅದು ಸರ್ಕಾರಿ ತಾಣವೆಂದು ನಂಬಬಾರದು. ಯಾರದೋ ಮನೆಯ ಫಲಕದಲ್ಲಿ ‘ಸವಣೂರು’ ಎಂದಿದ್ದರೆ ಆ ಮನೆ ಸವಣೂರಿನಲ್ಲಿಯೇ ಇರಬೇಕೆಂದಿಲ್ಲ. ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಇದೆಯೇ ಎಂದು ನೋಡಿದ ಮೇಲೆಯೇ ಹಣ ಪಾವತಿಸುವುದು ಕ್ಷೇಮ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಪ್ರತಿ ಗಣಕದಲ್ಲಿ ‘ಹೋಸ್ಟ್ಸ್’ ಎಂಬ ಸಣ್ಣ ಕಡತವಿರುತ್ತದೆ. ಬ್ರೌಸರ್ ಸಾಮಾನ್ಯವಾಗಿ ಇದಕ್ಕೆ ಮನ್ನಣೆ ಕೊಡುತ್ತದೆ, ಎನ್‌ಎಸ್‌ಲುಕಪ್ ಕೊಡುವುದಿಲ್ಲ. ದುಷ್ಟ ತಂತ್ರಾಂಶವೊಂದು ಈ ಕಡತವನ್ನು ತಿದ್ದಿದರೆ ಬ್ರೌಸರ್ ನಕಲಿ ಗಣಕಕ್ಕೆ ಹೋಗುತ್ತದೆ, ಎನ್‌ಎಸ್‌ಲುಕಪ್ ಮಾತ್ರ ಸರಿಯಾದ ವಿಳಾಸವನ್ನೇ ತೋರಿಸುತ್ತದೆ. ಅದೇ ಹೆಸರಿಗೆ ‘ಪಿಂಗ್’ ಆಜ್ಞೆ ಕೊಟ್ಟು ಎರಡರ ಅಂಕಿಗಳನ್ನು ಹೋಲಿಸಬಹುದು. ದೊಡ್ಡ ತಾಣಗಳಿಗೆ ಹಲವು ವಿಳಾಸಗಳಿರುವುದರಿಂದ ವ್ಯತ್ಯಾಸವೆಲ್ಲವೂ ವಂಚನೆಯಲ್ಲ. ಆದರೂ ತಜ್ಞರಿಗೆ ತೋರಿಸಲು ಅಷ್ಟು ಕಾರಣ ಸಾಕು.

ಕನ್ನಡದಲ್ಲಿಯೂ ಹೆಸರು

ಆಂಗ್ಲ ಲಿಪಿಯಲ್ಲಿ ಹತ್ತಿಮತ್ತೂರನ್ನು ಹಲವು ಬಗೆಯಲ್ಲಿ ಬರೆಯಬಹುದು. ಒಂದು ಅಕ್ಷರ ಹೆಚ್ಚು ಕಡಿಮೆಯಾದರೂ ಡಿಎನ್‌ಎಸ್‌ಗೆ ಅದು ಬೇರೆ ಹೆಸರು. ಕನ್ನಡ ಲಿಪಿಯಲ್ಲಿ ಆ ಗೊಂದಲ ಕಡಿಮೆ. ‘.ಭಾರತ’ ಎಂದು ಕನ್ನಡ ಲಿಪಿಯಲ್ಲಿಯೇ ಕೊನೆಗೊಳ್ಳುವ ಹೆಸರುಗಳಿಗೆ ಈಗ ಅವಕಾಶವಿದೆ. ಜಾಲದೊಳಗೆ ಅಂಥ ಹೆಸರು ‘ಎಕ್ಸ್ ಎನ್’ ಮತ್ತು ಎರಡು ಅಡ್ಡಗೆರೆಗಳಿಂದ ಆರಂಭವಾಗುವ ಆಂಗ್ಲ ಅಕ್ಷರಗಳ ಸರಣಿಯಾಗಿ ಸಂಚರಿಸುತ್ತದೆ. ಕಪ್ಪು ಕಿಟಕಿಯಲ್ಲಿ ಅಂಥ ಸರಣಿ ಕಂಡರೆ ಅದು ದೋಷವಲ್ಲ, ಹೆಸರಿನ ಯಂತ್ರರೂಪ.

ದೂರಿನಲ್ಲಿ ಏನಿರಬೇಕು?

ಸೇವಾ ಕೇಂದ್ರದ ನಿರ್ವಾಹಕರು ದಿನಾಂಕ, ಸಮಯ, ಹುಡುಕಿದ ಹೆಸರು, ಉತ್ತರಿಸಿದ ಸರ್ವರ್ ಮತ್ತು ಬಂದ ಉತ್ತರ ಎಂಬ ಐದು ಅಂಶಗಳನ್ನು ಬರೆದಿಟ್ಟುಕೊಂಡರೆ ದೂರಿಗೆ ತೂಕ ಬರುತ್ತದೆ. ತಂತ್ರಜ್ಞರು ಮೊದಲು ಕೇಳುವುದೂ ಇವನ್ನೇ. ಸರತಿಯಲ್ಲಿ ನಿಂತವರಿಗೂ ಇದರಿಂದ ನಿಖರ ಉತ್ತರ ಸಿಗುತ್ತದೆ: ದೋಷ ಕೇಂದ್ರದ ಸಂಪರ್ಕದಲ್ಲಿದ್ದರೆ ಪಕ್ಕದ ಊರಿನ ಕೇಂದ್ರದಲ್ಲಿ ಇಂದೇ ಕೆಲಸವಾಗಬಹುದು. ಇಲಾಖೆಯ ಗಣಕದಲ್ಲಿದ್ದರೆ ಬಸ್ ಖರ್ಚು ಮಾಡಿ ಅಲ್ಲಿಗೆ ಹೋಗಿಯೂ ಫಲವಿಲ್ಲ.