ಸ್ವಂತ ಬರಹದ ಹಂಚಿಕೆ ಮತ್ತು ಋಣಸ್ಮರಣೆ

ವಿದ್ಯೆಯು ಹಂಚಿದಷ್ಟೂ ಹೆಚ್ಚುವ ಧನವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಕಾಲೇಜಿನಲ್ಲಿ ಓದುವ ಮಕ್ಕಳು ನಿದ್ದೆಗೆಟ್ಟು ಬರೆದ ಪ್ರಬಂಧಗಳ ಗತಿಯೇನು? ಅಧ್ಯಾಪಕರು ಅಂಕ ಹಾಕಿದ ಮೇಲೆ ಅವು ಅಟ್ಟವನ್ನೋ ರದ್ದಿ ಅಂಗಡಿಯನ್ನೋ ಸೇರುತ್ತವೆ. ಈಗ ಅಂತರ್ಜಾಲದ ಮೂಲಕ ಅವನ್ನು ಲೋಕದ ಮುಂದಿಡುವುದು ಸುಲಭಸಾಧ್ಯವಾಗಿದೆ. ಹಾಗೆ ಮಾಡುವುದು ಉಚಿತವೇ ಎಂದು ಅನೇಕ ತಂದೆತಾಯಿಗಳು ನಮ್ಮನ್ನು ಕೇಳುತ್ತಾರೆ.

ವಿದ್ಯಾರ್ಥಿಯ ಬರಹವೆಂದು ಹಗುರವಾಗಿ ಕಾಣಲಾಗದು. ೧೯೧೬ರ ಮೇ ೯ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಿಚಾರಗೋಷ್ಠಿಯಲ್ಲಿ ೨೫ ವರ್ಷದ ವಿದ್ಯಾರ್ಥಿಯೊಬ್ಬರು ಭಾರತದ ಜಾತಿಗಳ ಹುಟ್ಟು, ಬೆಳವಣಿಗೆಗಳನ್ನು ಕುರಿತು ಪ್ರಬಂಧ ಓದಿದರು. ಅವರೇ ಬಿ. ಆರ್. ಅಂಬೇಡ್ಕರ್. ಮರುವರ್ಷ ಅದು ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅಚ್ಚಾಯಿತು. ಶತಮಾನ ಕಳೆದರೂ ಜನರು ಅದನ್ನು ಓದುತ್ತಿದ್ದಾರೆ, ಅಂತರ್ಜಾಲದಲ್ಲಿಯೂ ಅದು ದೊರೆಯುತ್ತದೆ. ಆ ಪ್ರಬಂಧದಲ್ಲಿ ಅವರು ಸೆನಾರ್, ನೆಸ್‌ಫೀಲ್ಡ್, ರಿಸ್ಲೆ, ಕೇತ್ಕರ್ ಮೊದಲಾದವರ ಹೆಸರು ಹೇಳಿ, ಅವರ ಮತವನ್ನು ಮುಂದಿಟ್ಟು ಪರೀಕ್ಷಿಸಿ, ಅನಂತರ ತಮ್ಮ ಮತವನ್ನು ಪ್ರತಿಪಾದಿಸಿದ್ದಾರೆ. ಪರರದು ಯಾವುದು, ತನ್ನದು ಯಾವುದು ಎಂಬ ವಿವೇಕ ಅಲ್ಲಿ ಸ್ಪಷ್ಟವಾಗಿದೆ.

ಈ ವಿವೇಕದ ಅಭಾವವು ಎಂತಹ ಮುಜುಗರವನ್ನು ತರುತ್ತದೆ ಎಂಬುದಕ್ಕೆ ನಾವೇ ಉದಾಹರಣೆ. ೧೯೮೩ರಲ್ಲಿ ಮಠದ ಪ್ರಸಾದನಿಲಯದಲ್ಲಿದ್ದುಕೊಂಡು ಎಂ.ಎ. ಓದುತ್ತಿದ್ದಾಗ ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಕುರಿತು ಪ್ರಬಂಧವೊಂದನ್ನು ಬರೆದಿದ್ದೆವು. ಕಳೆದ ವರ್ಷ ತಮ್ಮನ ಮಗಳು ಟ್ರಂಕಿನಲ್ಲಿ ಆ ಹಾಳೆಗಳನ್ನು ಕಂಡು, “ದೊಡ್ಡಪ್ಪ, ಇದನ್ನು ಬೆರಳಚ್ಚು ಮಾಡಿ ಅಂತರ್ಜಾಲಕ್ಕೆ ಹಾಕುತ್ತೇನೆ. ಓದುವ ಮಕ್ಕಳಿಗೆ ಉಪಯೋಗವಾದೀತು” ಎಂದಳು. ನಾವು ಹಿಗ್ಗಿದೆವು. ತಿದ್ದಲೆಂದು ಓದುತ್ತ ಹೋದಂತೆ ಒಂದು ಪುಟದಲ್ಲಿ ಕಣ್ಣು ನಿಂತಿತು. ಗುರುಗಳು ಕೆಂಪು ಮಸಿಯಲ್ಲಿ ‘ಉತ್ತಮ’ ಎಂದು ಬರೆದಿದ್ದ ಆ ಪುಟವು ನಮ್ಮದಾಗಿರಲಿಲ್ಲ. ಹಿರಿಯ ವಿದ್ವಾಂಸರೊಬ್ಬರ ಪುಸ್ತಕದಿಂದ ಹೆಸರು ಹೇಳದೆ ಇಳಿಸಿಕೊಂಡದ್ದಾಗಿತ್ತು. ಸತ್ಯವನ್ನು ಬಿಡದ ಅರಸನನ್ನು ಕುರಿತ ಬರಹದಲ್ಲಿ ನಾವು ಸತ್ಯವನ್ನು ಬಿಟ್ಟಿದ್ದೆವು!

“ಆ ಪುಟವನ್ನು ತೆಗೆದರಾಯಿತು, ಯಾರಿಗೆ ತಿಳಿಯುತ್ತದೆ?” ಎಂದಳು ಮಗು. ಎರಡು ದಿನ ನಾವೂ ಹಾಗೆಯೇ ಯೋಚಿಸಿದೆವು. ಮೂರನೆಯ ದಿನ ಆ ಪುಟವನ್ನು ಉಳಿಸಿಕೊಂಡು, ಮೂಲ ಪುಸ್ತಕದ ಹೆಸರನ್ನೂ ನಮ್ಮ ತಪ್ಪನ್ನೂ ಮೇಲೆಯೇ ಬರೆಯಿಸಿದೆವು. ಅಂದು ‘ಉತ್ತಮ’ ಎಂದ ಗುರುಗಳು ಇಂದು ಇಲ್ಲ. ಅವರಿಗೆ ಒಪ್ಪಿಸಬೇಕಾದ ತಪ್ಪನ್ನು ಓದುಗರಿಗಾದರೂ ಒಪ್ಪಿಸಿದಂತಾಯಿತು.

ನಿಯಮಗಳೂ ಈ ಮಾತನ್ನೇ ಹೇಳುತ್ತವೆ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ವಿದ್ಯಾರ್ಥಿಯು ಸ್ವತಃ ಬರೆದ ಪ್ರಬಂಧದ ಹಕ್ಕು, ನೋಂದಣಿ ಮಾಡಿಸದಿದ್ದರೂ, ಸಾಮಾನ್ಯವಾಗಿ ಅವನದೇ. ಜೀವಿತಕಾಲ ಮತ್ತು ಅನಂತರದ ೬೦ ವರ್ಷಗಳವರೆಗೆ ಅದು ನಿಲ್ಲುತ್ತದೆ. ಆದರೆ ಅದು ಅವನ ಮಾತಿಗೆ ಮಾತ್ರ, ಎರವಲು ತಂದ ಮಾತಿಗಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ೨೦೧೮ರಲ್ಲಿ ಹೊರಡಿಸಿದ ಕೃತಿಚೌರ್ಯ ತಡೆ ನಿಯಮಗಳಲ್ಲಿ, ಸಂಶೋಧನ ಪ್ರಬಂಧದ ಹೋಲಿಕೆಯು ಶೇ. ೧೦ರವರೆಗಿದ್ದರೆ ದಂಡನೆಯಿಲ್ಲ, ಶೇ. ೬೦ನ್ನು ಮೀರಿದರೆ ವಿದ್ಯಾರ್ಥಿಯ ನೋಂದಣಿಯೇ ರದ್ದು. ಮೂಲವನ್ನು ಸರಿಯಾಗಿ ಹೆಸರಿಸಿ ಉದ್ಧರಿಸಿದ ಭಾಗವನ್ನು ಈ ಲೆಕ್ಕದಿಂದ ಬಿಡಲಾಗುತ್ತದೆ. ಎರವಲು ತರುವುದು ದೋಷವಲ್ಲ, ಮರೆಮಾಚುವುದು ದೋಷ.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿನಂತಿಯಿಷ್ಟೆ. ಮಕ್ಕಳು ತಮ್ಮ ಪ್ರಬಂಧಗಳನ್ನು ಹಂಚುವುದನ್ನು ತಡೆಯಬೇಡಿರಿ. ಅಂಕಗಳು ಬರುವವರೆಗೆ ತಾಳಲಿ. ಬರೆದ ವರ್ಷ, ತರಗತಿಗಳನ್ನು ಕಾಣಿಸಲಿ. ನೋಂದಣಿ ಸಂಖ್ಯೆ, ದೂರವಾಣಿ, ವಿಳಾಸಗಳನ್ನು ತೆಗೆದುಹಾಕಲಿ. ಗೆಳೆಯರೊಡನೆ ಕೂಡಿ ಬರೆದುದಾದರೆ ಅವರ ಒಪ್ಪಿಗೆ ಪಡೆಯಲಿ. ಎಲ್ಲಕ್ಕಿಂತ ಮೊದಲು ಒಮ್ಮೆ ಕುಳಿತು, ಯಾವ ಮಾತು ಯಾರಿಂದ ಬಂದಿತೆಂದು ಗುರುತಿಸಿ ಬರೆಯಲಿ. ನಲವತ್ತು ವರ್ಷಗಳ ಅನಂತರ ನಾವು ಮಾಡಿದ ಕೆಲಸವನ್ನು ಅವರು ಇಪ್ಪತ್ತರ ವಯಸ್ಸಿನಲ್ಲಿಯೇ ಮಾಡಿದರೆ, ಹಂಚಿದ ವಿದ್ಯೆಯು ಹಂಚಿದವರಿಗೂ ಪಡೆದವರಿಗೂ ಶ್ರೇಯಸ್ಕರವಾದೀತು.