ಊರಿನ ಸುದ್ದಿ, ಇಲ್ಲಿಯ ಗಡಿಯಾರ

2024ರ ಆಗಸ್ಟ್ 10, ಶನಿವಾರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ನದಿ ದಂಡೆಯಲ್ಲಿ ಮನೆ, ಗದ್ದೆ ಇರುವವರ ಮಕ್ಕಳು ಇಲ್ಲಿ ನ್ಯೂಜೆರ್ಸಿಯಲ್ಲೂ ಇದ್ದಾರೆ. ಅಂಥವರು ಗಾಬರಿಯಲ್ಲಿ ಒಂದು ಪುಟ ತೆರೆದಾಗ 'ಈಗಿನ ಸುದ್ದಿ' ಎಂದು ಬರೆದಿರುವುದು ನಿಜಕ್ಕೂ ಈಗಿನದೇ ಆಗಿರಬೇಕು ತಾನೇ? ವೆಬ್ ಪುಟದಲ್ಲಿ ಸುದ್ದಿ ತೋರಿಸುವ ಕೆಲಸ ಸುಲಭ, ಸರಿಯಾದ ಹೊತ್ತಿಗೆ ತೋರಿಸುವುದು ಕಷ್ಟ.

ಪತ್ರಿಕೆಗಳು ತಮ್ಮ ಹೊಸ ಸುದ್ದಿಗಳ ಪಟ್ಟಿಯನ್ನು ಆರ್‌ಎಸ್‌ಎಸ್ ಎಂಬ ಫೀಡಿನಲ್ಲಿ ಇಡುತ್ತವೆ. 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಹುಟ್ಟಿದ್ದು ಇದು. ರೂಪಿಸಿದವರಲ್ಲಿ ಒಬ್ಬರು ಮದ್ರಾಸ್ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ. ಒಂದೊಂದು ಸುದ್ದಿಗೂ ತಲೆಬರಹ, ಕೊಂಡಿ, ಚಿಕ್ಕ ಸಾರಾಂಶ, ಪ್ರಕಟವಾದ ಸಮಯ, ಇಷ್ಟೇ. ನೀವು ಕೇಳುವ ಪಾಡ್‌ಕಾಸ್ಟ್‌ಗಳೂ ಇದೇ ಬಂಡಿಯಲ್ಲಿ ಬರುತ್ತವೆ.

ಬ್ರೌಸರ್‌ನಿಂದ ನೇರವಾಗಿ ಪತ್ರಿಕೆಯ ಫೀಡ್ ತರಲು ಹೋದರೆ ಸಾಮಾನ್ಯವಾಗಿ ಬಾಗಿಲು ಮುಚ್ಚಿರುತ್ತದೆ. ಆ ತಾಣ ಒಪ್ಪಿಗೆ ಕೊಡದೆ ಇನ್ನೊಂದು ತಾಣದ ಮಾಹಿತಿ ಓದಲು ಬ್ರೌಸರ್ ಬಿಡುವುದಿಲ್ಲ. ಹಾಗಾಗಿ ನಮ್ಮ ಸರ್ವರ್ ಹೋಗಿ ತಂದು ಪುಟಕ್ಕೆ ಬಡಿಸಬೇಕು. ಹತ್ತು ನಿಮಿಷಕ್ಕೊಮ್ಮೆ ಹೋದರೆ ಸಾಕು, ಕ್ಷಣಕ್ಷಣಕ್ಕೂ ಪೀಡಿಸಬೇಡಿ. ಹೋದ ಸಲದ ಗುರುತನ್ನು ಜೊತೆಗೆ ಕಳಿಸಿದರೆ, ಬದಲಾವಣೆ ಇಲ್ಲದಾಗ ಆ ಕಡೆಯವರು 304 ಎಂಬ ಒಂದು ಸಂಖ್ಯೆಯಲ್ಲೇ ಉತ್ತರ ಮುಗಿಸುತ್ತಾರೆ. ಇನ್ನೊಂದು ಮಾತು: ಸಾರಾಂಶದೊಳಗೆ ಎಚ್‌ಟಿಎಂಎಲ್ ಅಡಗಿರುತ್ತದೆ. ಸೋಸದೆ ಹಾಗೇ ತೋರಿಸಿದರೆ ಯಾರೋ ತುರುಕಿದ ಸ್ಕ್ರಿಪ್ಟ್ ನಮ್ಮ ಓದುಗರ ಬ್ರೌಸರ್‌ನಲ್ಲಿ ಓಡೀತು.

ಈಗ ಸಮಯದ ವಿಷಯ. ಭಾರತದಲ್ಲಿ ಶನಿವಾರ ರಾತ್ರಿ 11:30ಕ್ಕೆ ಪ್ರಕಟವಾದ ಸುದ್ದಿಯ ಸಮಯದ ಪಕ್ಕದಲ್ಲಿ +0530 ಎಂದಿರಬೇಕು. ಆಗಸ್ಟ್‌ನಲ್ಲಿ ನಮಗದು ಶನಿವಾರ ಮಧ್ಯಾಹ್ನ 2 ಗಂಟೆ. ಬರ್ಲಿನ್‌ನ ಗೆಳೆಯರಿಗೆ ರಾತ್ರಿ 8. ಆ ಐದು ಅಕ್ಷರ ಬಿಟ್ಟುಹೋದರೆ ಇಲ್ಲಿಯ ಕಂಪ್ಯೂಟರ್ ಅದನ್ನು ನಮ್ಮ ರಾತ್ರಿ 11:30 ಎಂದೇ ಓದುತ್ತದೆ. ಅಂದರೆ ಇನ್ನೂ ಬಾರದ ಗಳಿಗೆಯ ಸುದ್ದಿ! ನಾಲ್ಕು ಪತ್ರಿಕೆಗಳ ಫೀಡ್ ಬೆರೆಸಿ ಹೊಸದು ಮೇಲೆ ಬರುವಂತೆ ಜೋಡಿಸಿದ ಪುಟದಲ್ಲಿ ಈ ಒಂದು ಸುದ್ದಿ ಒಂಬತ್ತೂವರೆ ಗಂಟೆ ತನಕ ತಲೆಯ ಮೇಲೆ ಕೂತುಬಿಡುತ್ತದೆ. 'ಆತಂಕ ಬೇಡ' ಎಂಬ ನಂತರದ ವರದಿ ಕೆಳಗೆಲ್ಲೋ. ನಾನು ಮಾಡಿದ ಮೊದಲ ಪುಟದಲ್ಲಿ ಇಂಥದೇ ತಪ್ಪಿತ್ತು, ತಿಂಗಳುಗಟ್ಟಲೆ ಗೊತ್ತೇ ಆಗಲಿಲ್ಲ. ಸುದ್ದಿ ಚೆನ್ನಾಗಿ ಬರುತ್ತಿದೆ ಎಂದುಕೊಂಡಿದ್ದೆ.

ಸರ್ವರ್‌ನಲ್ಲಿ ಎಲ್ಲವನ್ನೂ ಯುಟಿಸಿಗೆ ಬದಲಿಸಿಡಿ, ಓದುಗರ ಊರಿನ ಸಮಯಕ್ಕೆ ತಿರುಗಿಸುವ ಕೆಲಸ ಬ್ರೌಸರ್‌ಗೆ ಬಿಡಿ. ಒಂಬತ್ತೂವರೆ ಗಂಟೆ ಕಳೆಯುವ ಲೆಕ್ಕವನ್ನು ನೀವೇ ಬರೆಯಲು ಹೋಗಬೇಡಿ, ನವೆಂಬರ್‌ನಲ್ಲಿ ಗಡಿಯಾರ ಹಿಂದಿಟ್ಟ ದಿನ ಅದು ಹತ್ತೂವರೆ ಆಗುತ್ತದೆ. ಯಾವ ಫೀಡಿಗೆ +0530 ಇಲ್ಲವೋ ಅದರ ಹೆಸರಿನ ಮುಂದೆ ಭಾರತೀಯ ಸಮಯ ಎಂದು ಕೈಯಾರೆ ಗುರುತಿಸಿ. ಭವಿಷ್ಯದ ಸಮಯ ಹೊತ್ತು ಬಂದ ಸುದ್ದಿಯನ್ನು ಮೇಲೆ ಬಿಡಬೇಡಿ.

ಫೀಡ್ ನಿಂತುಹೋದರೂ ಸರ್ವರ್ ಹಳೆಯ ಪ್ರತಿಯನ್ನೇ ತೋರಿಸುತ್ತಿರುತ್ತದೆ, ಓದುಗರಿಗೆ ಸುಳಿವೂ ಸಿಗುವುದಿಲ್ಲ. ಅದಕ್ಕೇ ಈಗ ನಮ್ಮ ಪುಟದ ನೆತ್ತಿಯಲ್ಲಿ 'ಕೊನೆಯ ಬಾರಿ ಸುದ್ದಿ ತಂದದ್ದು ಇಷ್ಟು ನಿಮಿಷದ ಹಿಂದೆ' ಎಂಬ ಸಾಲಿದೆ. ಅರ್ಧ ಗಂಟೆ ದಾಟಿದರೆ ಕೆಂಪಾಗುತ್ತದೆ. ಕೆಂಪು ಕಂಡರೆ ಪುಟವನ್ನು ನಂಬಬೇಡಿ, ಊರಿಗೆ ಫೋನ್ ಮಾಡಿ.